ಯಾವ ಕೆಲಸಕ್ಕೆ ಯಾವ ಗ್ಲೌಸ್?

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದು ಜೊತೆ ಗ್ಲೌಸ್ ಕೊಡಿ’ ಎಂದರೆ ‘ಯಾವ ಕೆಲಸಕ್ಕೆ?’ ಎಂದು ತಿರುಗಿ ಕೇಳುವವರು ಕಡಿಮೆ. ಕೌಂಟರಿನ ಮೇಲೆ ಬಂದು ಬೀಳುವುದು ಸಾಮಾನ್ಯವಾಗಿ ಒಂದೇ ಮಾಲು: ಹತ್ತಿ ದಾರದಲ್ಲಿ ಹೆಣೆದ, ಅಂಗೈ ಮೇಲೆ ಪಿವಿಸಿ ಚುಕ್ಕಿಗಳಿರುವ ಬಿಳಿ ಜೋಡಿ. ಇಟ್ಟಿಗೆ ಹೊರುವವರೂ ಅದನ್ನೇ ಹಾಕುತ್ತಾರೆ, ಬ್ಯಾಟರಿಗೆ ಆಸಿಡ್ ತುಂಬುವವರೂ ಅದನ್ನೇ, ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಲ್ಲುವವರೂ ಅದನ್ನೇ. ಮೊದಲನೆಯವರಿಗೆ ಅದು ಒಪ್ಪುತ್ತದೆ. ಉಳಿದ ಇಬ್ಬರಿಗೆ ಬರಿಗೈಗಿಂತ ಹೆಚ್ಚು ಅಪಾಯ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಬರಿಗೈ ಮೇಲೆ ಆಸಿಡ್ ಚೆಲ್ಲಿದರೆ ಕಣ್ಣಿಗೆ ಕಾಣುತ್ತದೆ, ಉರಿ ಗೊತ್ತಾಗುತ್ತದೆ, ನಲ್ಲಿಯತ್ತ ಓಡುತ್ತೇವೆ. ಹತ್ತಿ ಗ್ಲೌಸ್ ಅದನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಜೊತೆಗೆ ‘ಗ್ಲೌಸ್ ಇದೆಯಲ್ಲ’ ಎಂಬ ಧೈರ್ಯ ಬೇರೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕೆಲಸದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಕೈಗೆ ತಾಗುತ್ತಿರುವುದು ಅಲಗೋ, ಮೊನೆಯೋ, ಬಿಸಿಯೋ, ದ್ರವವೋ, ಕರೆಂಟೋ? ಒಮ್ಮೆ ಸಿಡಿಯುತ್ತದೋ, ದಿನವಿಡೀ ಕೈ ಅದರಲ್ಲೇ ಇರುತ್ತದೋ? ಸಣ್ಣ ಸ್ಕ್ರೂ ಹಿಡಿಯಬೇಕೋ, ಬರೀ ಮೂಟೆ ಎತ್ತಿದರೆ ಸಾಕೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಹಾಕಲೇಬಾರದ ಜಾಗ

ಲೇತ್, ಪಿಲ್ಲರ್ ಡ್ರಿಲ್, ಮಿಲ್ಲಿಂಗ್ ಮೆಷಿನ್, ಬೆಂಚ್ ಗ್ರೈಂಡರ್. ಇವು ತಿರುಗುತ್ತಿರುವಾಗ ಹತ್ತಿರ ಗ್ಲೌಸ್ ಬೇಡ. ಡ್ರಿಲ್ ಬಿಟ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ ಹತ್ತು ಸುತ್ತಾಯಿತು. ಗ್ಲೌಸಿನ ಒಂದು ಎಳೆ ಸಿಕ್ಕಿಕೊಂಡು, ಅದು ಗೊತ್ತಾಗಿ, ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುವ ಅರ್ಧ ಸೆಕೆಂಡಿನಲ್ಲಿ ಐದು ಸುತ್ತು ಮುಗಿದಿರುತ್ತದೆ. ಬರಿಬೆರಳು ತಾಗಿದ್ದರೆ ಚರ್ಮ ಕಿತ್ತು ಗಾಯವಾದೀತು. ಗ್ಲೌಸ್ ಹರಿಯದೆ ಸುತ್ತಿಕೊಂಡು ಬೆರಳನ್ನು, ಕೆಲವೊಮ್ಮೆ ಇಡೀ ಕೈಯನ್ನು, ಒಳಗೆಳೆಯುತ್ತದೆ. ಗ್ಲೌಸ್ ಗಟ್ಟಿಯಾಗಿದ್ದಷ್ಟೂ ಇಲ್ಲಿ ಕೇಡು.

ಪೀಣ್ಯದಂಥ ಕಡೆಯ ಸಣ್ಣ ಮೆಷಿನ್ ಶಾಪುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಜಾಬಿನ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಇರುತ್ತದೆ, ಲೋಡ್ ಮಾಡುವಾಗ ಕೈ ಕೊಯ್ಯುತ್ತದೆ ಎಂದು ಗ್ಲೌಸ್ ಹಾಕುತ್ತಾರೆ. ಲೋಡ್ ಆಯಿತು, ಬಿಚ್ಚಲು ಯಾರಿಗೆ ಪುರುಸೊತ್ತು, ಅದೇ ಕೈಯಲ್ಲಿ ಸ್ಪಿಂಡಲ್ ಆನ್. ನಿಯಮ ಸರಳ: ಸ್ಪಿಂಡಲ್ ನಿಂತಿದ್ದಾಗ ಗ್ಲೌಸ್, ತಿರುಗುವಾಗ ಬರಿಗೈ. ಚಿಪ್ಸ್ ತೆಗೆಯಲು ಕೊಕ್ಕೆ ಮತ್ತು ಬ್ರಷ್. ಚಲಿಸುವ ಯಂತ್ರದ ಬಳಿ ಕೈಯಿಡುವವರಿಗೆ ಬಿಗಿ ಉಡುಪು ಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂ ಹೇಳಿದ್ದೂ ಸಿಕ್ಕಿಕೊಳ್ಳುವ ಈ ಭಯಕ್ಕೇ.

ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರ್ ವಿಷಯ ಬೇರೆ. ಅಲ್ಲಿ ಎರಡೂ ಕೈ ಹಿಡಿಕೆಯ ಮೇಲಿರುತ್ತವೆ, ಕಿಡಿ ಕೈ ಮೇಲೆಯೇ ಬರುತ್ತದೆ. ಬಿಗಿಯಾಗಿ ಕೂರುವ ಚರ್ಮದ ಗ್ಲೌಸ್ ಹಾಕಿಯೇ ಕೆಲಸ ಮಾಡಬೇಕು.

ಸುತ್ತಿಗೆ ಚಿತ್ರದ ಕೆಳಗೆ

ಒಳ್ಳೆಯ ಗ್ಲೌಸಿನ ಹಿಂಬದಿಯಲ್ಲಿ ಗುರಾಣಿಯೊಳಗೆ ಒಂದು ಸುತ್ತಿಗೆಯ ಚಿತ್ರ, ಅದರ ಕೆಳಗೆ ‘4X43D’ ಎಂಬಂಥ ಸಾಲು ಅಚ್ಚಾಗಿರುತ್ತದೆ. ಇದು ಇಎನ್ 388 ಎಂಬ ಯುರೋಪಿನ ಮಾನಕ. ಭಾರತದಲ್ಲಿ ಮಾರುವ ಬಹಳಷ್ಟು ಕಂಪನಿಗಳು ಇದನ್ನೇ ಅನುಸರಿಸುತ್ತವೆ. ಮೊದಲ ಅಂಕಿ ಸವೆತ ತಡೆಯುವ ಶಕ್ತಿ (4ರವರೆಗೆ), ಎರಡನೆಯದು ಹಳೆಯ ವಿಧಾನದಲ್ಲಿ ಕೊಯ್ತ ತಡೆಯುವ ಶಕ್ತಿ (5ರವರೆಗೆ), ಮೂರನೆಯದು ಹರಿಯುವಿಕೆ ತಡೆಯುವ ಶಕ್ತಿ, ನಾಲ್ಕನೆಯದು ಚುಚ್ಚು ತಡೆಯುವ ಶಕ್ತಿ. 2016ರ ಪರಿಷ್ಕರಣೆಯಲ್ಲಿ ಕೊನೆಗೊಂದು ಅಕ್ಷರ ಸೇರಿತು: ಕೊಯ್ತಕ್ಕೆ ಎ ಇಂದ ಎಫ್‌ವರೆಗೆ. ಎ ಎಂದರೆ 2 ನ್ಯೂಟನ್ ಬಲದ ಅಲಗನ್ನು ತಡೆಯುತ್ತದೆ, ಡಿ ಎಂದರೆ 15, ಎಫ್ ಎಂದರೆ 30. ನಡುವೆ ಎಕ್ಸ್ ಕಂಡರೆ ಆ ಪರೀಕ್ಷೆಯನ್ನು ಮಾಡಿಲ್ಲ ಎಂದು ಅರ್ಥ. ಅಕ್ಷರದ ಮುಂದೆ ಪಿ ಇದ್ದರೆ ಪೆಟ್ಟು ತಡೆಯುವ ಪರೀಕ್ಷೆಯಲ್ಲೂ ಪಾಸಾಗಿದೆ.

ಎರಡನೆಯ ಅಂಕಿಗಿಂತ ಕೊನೆಯ ಅಕ್ಷರವನ್ನು ನಂಬಿ. ಹಳೆಯ ಪರೀಕ್ಷೆಯಲ್ಲಿ ದುಂಡಗಿನ ಅಲಗು ಹಿಂದೆ ಮುಂದೆ ಉರುಳುತ್ತಿತ್ತು. ಗಾಜಿನ ಎಳೆ, ಉಕ್ಕಿನ ಎಳೆ ಸೇರಿದ ಗ್ಲೌಸಾದರೆ ಅಲಗೇ ಮೊಂಡಾಗಿ, ಗ್ಲೌಸಿಗೆ ಇಲ್ಲದ ಹೆಗ್ಗಳಿಕೆ ಬರುತ್ತಿತ್ತು. ರಟ್ಟಿನ ಡಬ್ಬ, ಪ್ಯಾಕಿಂಗ್ ಕೆಲಸಕ್ಕೆ ಎ, ಬಿ ಸಾಕು. ತಗಡು, ಗಾಜಿನ ಹಾಳೆ ಹಿಡಿಯುವವರು ಡಿ ಮತ್ತು ಮೇಲಿನದನ್ನೇ ಕೇಳಬೇಕು. ಪ್ಯಾಕೆಟ್ ಮೇಲೆ ‘ಎ4’, ‘ಎ6’ ಎಂದಿದ್ದರೆ ಅದು ಅಮೆರಿಕದ ಲೆಕ್ಕ, ಎ1ರಿಂದ ಎ9ರವರೆಗೆ ಏರುತ್ತದೆ. ಯುರೋಪಿನ ಎ ಜೊತೆ ಅದನ್ನು ಬೆರೆಸಬೇಡಿ.

ಈ ಸಾಲಿನಲ್ಲಿ ಹೆಚ್ಚು ಮೋಸ ಮಾಡುವುದು ಚುಚ್ಚಿನ ಅಂಕಿ. ಆ ಪರೀಕ್ಷೆಯ ಉಕ್ಕಿನ ಮೊಳೆ 4.5 ಮಿಲಿಮೀಟರ್ ದಪ್ಪದ್ದು. ಸಿರಿಂಜಿನ ಸೂಜಿ ಅದರ ಮುಂದೆ ಕೂದಲೆಳೆ, ಹೆಣಿಗೆಯ ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಚುಚ್ಚಿಗೆ 4 ಎಂದು ಬರೆದ ಗ್ಲೌಸ್ ಹಾಕಿಕೊಂಡು ಆಸ್ಪತ್ರೆಯ ಕಸಕ್ಕೆ ಕೈಹಾಕಬಾರದು. ಮತ್ತೊಂದು: ಕೊಯ್ತ ತಡೆಯುವ ಅಗ್ಗದ ಗ್ಲೌಸುಗಳಲ್ಲಿ ಬಹುಪಾಲು ಒಂದು ಬಗೆಯ ಪಾಲಿಎಥಿಲೀನ್ ಎಳೆಯವು. ಅಲಗನ್ನು ತಡೆಯುತ್ತವೆ, ಬಿಸಿ ಕಬ್ಬಿಣಕ್ಕೆ ಕರಗುತ್ತವೆ.

ಮಾಂಸದಂಗಡಿಗೆ, ಮೀನು ಹೆಚ್ಚುವಲ್ಲಿಗೆ ಉಕ್ಕಿನ ಬಳೆಗಳನ್ನು ಹೆಣೆದ ಗ್ಲೌಸ್ ಸಿಗುತ್ತದೆ. ಕತ್ತಿ ಹಿಡಿಯದ ಕೈಗೆ ಅದನ್ನು ಹಾಕಬೇಕು. ಮೂಳೆ ಕತ್ತರಿಸುವ ಬ್ಯಾಂಡ್ ಸಾ ಮುಂದೆ ಮಾತ್ರ ಬೇಡ, ಗರಗಸದ ಹಲ್ಲು ಬಳೆಯನ್ನು ಹಿಡಿದು ಎಳೆಯುತ್ತದೆ.

ದ್ರವದ ಲೆಕ್ಕವೇ ಬೇರೆ

ರಬ್ಬರ್ ಗ್ಲೌಸ್ ಮೂಲತಃ ಕೆಲಸಗಾರರ ಕೈಗಾಗಿಯೇ ಬಂದದ್ದು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಸುಮಾರಿಗೆ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ತಮ್ಮ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಲ್ಲಿ ತೆಳು ಗ್ಲೌಸ್ ಮಾಡಿಸಿದರು. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಆಕೆಯ ಕೈ ಹುಣ್ಣಾಗುತ್ತಿತ್ತು. ರೋಗಿಗೆ ಸೋಂಕು ತಗಲದಂತೆ ಅದು ಕಾಯುತ್ತದೆ ಎಂಬುದು ಆಮೇಲೆ ಹೊಳೆದದ್ದು. ಅವರಿಬ್ಬರೂ 1890ರಲ್ಲಿ ಮದುವೆಯಾದರು ಎಂಬುದು ಕಥೆಯ ಬಾಲ.

ಆದರೆ ದ್ರವ ರಂಧ್ರದಿಂದಲೇ ಒಳಗೆ ಬರಬೇಕೆಂದಿಲ್ಲ. ಕಣ್ಣಿಗೆ ಇಡಿಯಾಗಿಯೇ ಕಾಣುವ ರಬ್ಬರಿನೊಳಗೆ ಅಣು ಅಣುವಾಗಿ ಬೆರೆತು ಆಚೆ ಬದಿಗೆ ಹೊರಬರುತ್ತದೆ. 1996ರ ಆಗಸ್ಟ್ 14ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿದ್ದವು. ವಿಷಲೋಹಗಳ ವಿಷಯದಲ್ಲಿ ಪರಿಣತೆ, ಆಗಿನ ತಿಳಿವಳಿಕೆಯ ಪ್ರಕಾರ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದವರು. ತಿಂಗಳುಗಳ ನಂತರ ನಡಿಗೆ, ಮಾತು ತಪ್ಪತೊಡಗಿತು. 1997ರ ಜೂನ್ 8ರಂದು ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಆ ದ್ರವ ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತದೆ ಎಂದು ತಿಳಿಯಿತು.

ನಮ್ಮ ಗ್ಯಾರೇಜು, ಪೇಂಟ್ ಅಂಗಡಿಗಳಲ್ಲಿ ಅಂಥ ವಿಷವಿಲ್ಲ ನಿಜ. ಪಾಠ ಮಾತ್ರ ಅದೇ: ಯಾವ ದ್ರವಕ್ಕೆ ಯಾವ ವಸ್ತು ಎಂದು ನೋಡಿಯೇ ಕೊಳ್ಳಬೇಕು. ಸ್ವಾಭಾವಿಕ ರಬ್ಬರ್, ಅಂದರೆ ಲ್ಯಾಟೆಕ್ಸ್, ಸೋಪಿನ ನೀರಿಗೆ, ತೆಳು ಆಸಿಡ್‌ಗೆ, ಕ್ಷಾರಕ್ಕೆ ಒಳ್ಳೆಯದು; ಪೆಟ್ರೋಲ್, ಗ್ರೀಸ್ ತಾಗಿದರೆ ಉಬ್ಬಿ ಮೆದುವಾಗುತ್ತದೆ. ಕೆಲವರಿಗೆ ಅದರಿಂದಲೇ ಅಲರ್ಜಿ; ಅಲರ್ಜಿ ತರುವ ಅಂಶವನ್ನು ಪುಡಿ ಗಾಳಿಗೆ ಒಯ್ಯುತ್ತದೆಂದು ಪುಡಿ ಹಾಕಿದ ವೈದ್ಯಕೀಯ ಗ್ಲೌಸುಗಳನ್ನು ಅಮೆರಿಕ 2017ರಲ್ಲಿ ನಿಷೇಧಿಸಿತು. ಎಣ್ಣೆ, ಡೀಸೆಲ್, ಗ್ರೀಸ್ ಕೆಲಸಕ್ಕೆ ನೈಟ್ರೈಲ್. ಗ್ಯಾರೇಜಿನವರಿಗೆ ಬೇರೆ ಯೋಚನೆ ಬೇಡ. ಆದರೆ ಅದೇ ನೈಟ್ರೈಲ್ ಅಸಿಟೋನ್ ಮುಂದೆ ನಿಲ್ಲುವುದಿಲ್ಲ. ಅಸಿಟೋನ್, ಎಂಇಕೆ ಎಂಬ ಸಾಲ್ವೆಂಟುಗಳನ್ನು ಬಳಸುವ ಫೈಬರ್‌ಗ್ಲಾಸ್ ಕೆಲಸದವರಿಗೆ ಬ್ಯೂಟೈಲ್ ರಬ್ಬರ್ ಬೇಕು, ಅದು ಪೆಟ್ರೋಲಿಗೆ ಆಗದು. ನಿಯೋಪ್ರೀನ್ ಆಸಿಡ್, ಕ್ಷಾರ, ಎಣ್ಣೆ ಮೂರನ್ನೂ ಒಂದು ಮಟ್ಟಿಗೆ ತಾಳುತ್ತದೆ. ಪಿವಿಎ ಎಂಬ ದುಬಾರಿ ಗ್ಲೌಸ್ ಬಹಳಷ್ಟು ಸಾಲ್ವೆಂಟುಗಳನ್ನು ತಡೆಯುತ್ತದೆ, ನೀರು ಬಿದ್ದರೆ ತಾನೇ ಕರಗುತ್ತದೆ! ಎಲ್ಲಕ್ಕೂ ಆಗುವ ಒಂದು ಗ್ಲೌಸ್ ಇನ್ನೂ ಬಂದಿಲ್ಲ.

ರಾಸಾಯನಿಕ ಗ್ಲೌಸಿನ ಮೇಲೆ ಫ್ಲಾಸ್ಕಿನ ಚಿತ್ರ, ಐಎಸ್ಒ 374-1 ಎಂಬ ಅಂಕಿ, ಟೈಪ್ ಎ, ಬಿ ಅಥವಾ ಸಿ ಇರುತ್ತದೆ. ಟೈಪ್ ಎ ಎಂದರೆ ಪಟ್ಟಿಯ ಕನಿಷ್ಠ ಆರು ರಾಸಾಯನಿಕಗಳನ್ನು ತಲಾ 30 ನಿಮಿಷವಾದರೂ ತಡೆದಿದೆ, ಬಿ ಮೂರನ್ನು. ಸಿ ಒಂದನ್ನು 10 ನಿಮಿಷ. ಕೆಳಗಿನ ಅಕ್ಷರಗಳು ಯಾವ ರಾಸಾಯನಿಕ ಎಂದು ಹೇಳುತ್ತವೆ: ಕೆ ಎಂದರೆ ಕಾಸ್ಟಿಕ್ ಸೋಡಾ, ಎಲ್ ಎಂದರೆ ಗಾಢ ಸಲ್ಫ್ಯೂರಿಕ್ ಆಸಿಡ್, ಬಿ ಎಂದರೆ ಅಸಿಟೋನ್. ರಾಸಾಯನಿಕ ಮಾರುವವರಿಂದ ಸೇಫ್ಟಿ ಡೇಟಾ ಶೀಟ್ ಕೇಳಿ ಪಡೆಯಿರಿ. ಗ್ಲೌಸಿನ ಮಾತು ಅದರ 8ನೇ ಭಾಗದಲ್ಲಿರುತ್ತದೆ. ‘ಸೂಕ್ತ ಕೈಗವಸು ಧರಿಸಿ’ ಎಂದಷ್ಟೇ ಬರೆದಿದ್ದರೆ ಯಾವುದು ಸೂಕ್ತ ಎಂದು ಬರೆಸಿಕೊಳ್ಳುವವರೆಗೆ ಬಿಡಬೇಡಿ.

ಸಿಮೆಂಟನ್ನು ಯಾರೂ ರಾಸಾಯನಿಕ ಎಂದು ಲೆಕ್ಕಿಸುವುದಿಲ್ಲ. ಕಲಸಿದ ಸಿಮೆಂಟಿನ ಪಿಎಚ್ 12ಕ್ಕಿಂತ ಮೇಲೆ, ಕಾಸ್ಟಿಕ್ ಸೋಡಾದ ಬಳಗ. ಅದರೊಳಗಿನ ಕ್ರೋಮಿಯಂ ಒಮ್ಮೆ ಅಲರ್ಜಿ ತಂದರೆ ಮತ್ತೆ ಸಿಮೆಂಟ್ ಮುಟ್ಟಿದಾಗಲೆಲ್ಲ ಕೈ ಬಿರಿಯುತ್ತದೆ. ಗಾರೆ ಕೆಲಸವನ್ನೇ ಬಿಡಬೇಕಾಗಿ ಬಂದವರಿದ್ದಾರೆ. ಮೇಸ್ತ್ರಿಗಳಿಗೆ ಚುಕ್ಕಿ ಗ್ಲೌಸ್ ಕೊಡಬೇಡಿ, ಸಿಮೆಂಟ್ ನೀರನ್ನು ಅದು ಹೀರಿಟ್ಟುಕೊಳ್ಳುತ್ತದೆ. ಪೂರ್ತಿ ನೈಟ್ರೈಲ್‌ನಲ್ಲಿ ಅದ್ದಿದ್ದು ಅಥವಾ ಉದ್ದ ಪಿವಿಸಿಯದು ಬೇಕು.

ತೋಟದಲ್ಲಿ, ಹೊಲದಲ್ಲಿ

ಮಲೆನಾಡಿನಲ್ಲಿ ಮಳೆ ಹಿಡಿಯುವ ಮುನ್ನ ಅಡಿಕೆ ಕೊನೆಗೆ ಬೋರ್ಡೋ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅರಳುವ ಸುಣ್ಣ ಕೈ ಸುಡುತ್ತದೆ, ಮೈಲುತುತ್ತ ಕೆರೆತ ತರುತ್ತದೆ. ಉದ್ದ ತೋಳಿನ ರಬ್ಬರ್ ಅಥವಾ ನೈಟ್ರೈಲ್ ಸಾಕು. ಹೇಗೆ ಹಾಕುತ್ತೀರಿ ಎಂಬುದು ಮುಖ್ಯ. ಕೈ ಮೇಲೆತ್ತಿ ಹೊಡೆಯುವಾಗ ದ್ರಾವಣ ತೋಳಿನತ್ತ ಇಳಿಯುತ್ತದೆ. ಆಗ ಗ್ಲೌಸ್ ಅಂಗಿಯ ತೋಳಿನ ಮೇಲೆ ಬರಬೇಕು, ಅದರ ಬಾಯಿಯನ್ನು ಹೊರಕ್ಕೆ ಮಡಿಚಿರಬೇಕು, ಇಳಿದದ್ದು ಮಡಿಕೆಯಲ್ಲೇ ನಿಲ್ಲುತ್ತದೆ. ಭತ್ತ, ಹತ್ತಿ, ತರಕಾರಿಗೆ ಕೈ ಕೆಳಮಾಡಿ ಹೊಡೆಯುವಾಗ ಅಂಗಿಯ ತೋಳು ಗ್ಲೌಸಿನ ಮೇಲಿರಲಿ.

ಕೀಟನಾಶಕದಲ್ಲಿ ಹೆಚ್ಚು ಅಪಾಯದ ಹೊತ್ತು ಡಬ್ಬಿಯಿಂದ ಸುರಿದು ಬೆರೆಸುವ ಆ ಒಂದೆರಡು ನಿಮಿಷ. ನೀರು ಸೇರದ ಔಷಧ ಆಗ ಕೈಯಲ್ಲಿರುತ್ತದೆ. ಡಬ್ಬಿಯ ಮೇಲಿನ ತ್ರಿಕೋನ ಕೆಂಪು ಅಥವಾ ಹಳದಿ ಇದ್ದರೆ ಇನ್ನೂ ಎಚ್ಚರ. ಒಳಗೆ ಬಟ್ಟೆಯ ಅಸ್ತರಿ ಇಲ್ಲದ ನೈಟ್ರೈಲ್ ತೆಗೆದುಕೊಳ್ಳಿ, ಅಸ್ತರಿ ವಿಷ ಹೀರಿದರೆ ತೊಳೆದರೂ ಹೋಗುವುದಿಲ್ಲ. ಚರ್ಮದ ಗ್ಲೌಸ್ ಇಲ್ಲಿ ಬೇಡವೇ ಬೇಡ. ಕೆಲಸ ಮುಗಿದ ಮೇಲೆ ಗ್ಲೌಸ್ ಕೈಯಲ್ಲಿರುವಾಗಲೇ ಸೋಪು ಹಾಕಿ ತೊಳೆದು, ಆಮೇಲೆ ಬಿಚ್ಚಿ, ಮತ್ತೆ ಬರಿಗೈ ತೊಳೆಯಿರಿ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಬೆಳಗಿನ ಇಬ್ಬನಿಯಲ್ಲಿ ಎಲೆ ಮುರಿಯುವವರಿಗೆ ವಾಕರಿಕೆ, ತಲೆಸುತ್ತು ಬರುವುದು ಬಿಸಿಲಿಂದಲೋ ಖಾಲಿ ಹೊಟ್ಟೆಯಿಂದಲೋ ಎಂದು ಸುಮ್ಮನಾಗಬಾರದು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುತ್ತದೆ. ಎಲೆ ಒಣಗಿದ ಮೇಲೆ ಮುರಿಯುವುದು, ನೀರು ಹೀರದ ಗ್ಲೌಸ್, ಉದ್ದ ತೋಳಿನ ಅಂಗಿ, ಮೂರೂ ಬೇಕು. ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆಯ ಎಣ್ಣೆ ಬೆರಳ ಚರ್ಮವನ್ನು ಸುಟ್ಟು ಕರಿ ಮಾಡುತ್ತದೆ. ಬಹಳ ಕಡೆ ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಂಡು ಕೂರುವುದು ರೂಢಿ. ಬೆರಳಿನ ಸೂಕ್ಷ್ಮ ಕೆಡದ ತೆಳು ನೈಟ್ರೈಲ್ ಅಲ್ಲಿಗೆ ಹೊಂದುತ್ತದೆ, ದಿನಕ್ಕೆ ಹಲವು ಬಾರಿ ಬದಲಿಸುವ ಖರ್ಚನ್ನು ಮಾಲೀಕರು ಒಪ್ಪಿಕೊಂಡರೆ.

ಬಿಸಿ, ಕರೆಂಟು

ವೆಲ್ಡಿಂಗ್‌ಗೆ ಮೊಣಕೈವರೆಗೆ ಬರುವ ದಪ್ಪ ಚರ್ಮ. ಟಿಗ್ ವೆಲ್ಡಿಂಗ್‌ಗೆ ತೆಳು ಆಡಿನ ಚರ್ಮ. ಸಿಂಥೆಟಿಕ್ ಯಾವುದೂ ಬೇಡ, ಕರಗಿ ಕೈಗೆ ಅಂಟುತ್ತದೆ. ಬಿಸಿ ವಸ್ತು ಹಿಡಿಯುವುದಾದರೆ ಬೆಂಕಿಯ ಚಿತ್ರವಿರುವ ಇಎನ್ 407 ಗುರುತು ನೋಡಿ: ಮುಟ್ಟುವ ಬಿಸಿಗೆ ಮಟ್ಟ 1 ಎಂದರೆ 100 ಡಿಗ್ರಿ, 2 ಎಂದರೆ 250, 3 ಎಂದರೆ 350, 4 ಎಂದರೆ 500, ಅದೂ 15 ಸೆಕೆಂಡು ಮಾತ್ರ. ಒದ್ದೆಯಾದ ಗ್ಲೌಸಿನಲ್ಲಿ ಬಿಸಿ ಪಾತ್ರೆ ಹಿಡಿದರೆ ಒಳಗೇ ಹಬೆಯೇಳುತ್ತದೆ ಎಂಬುದು ಅಡುಗೆ ಭಟ್ಟರಿಗೆ ಹೇಳಿಕೊಡಬೇಕಾದ್ದಲ್ಲ.

ವಿದ್ಯುತ್ ಕೆಲಸಕ್ಕೆ ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕುವವರನ್ನು ಕಂಡರೆ ತಡೆಯಿರಿ. ವಿದ್ಯುತ್ ರಬ್ಬರ್ ಗ್ಲೌಸಿಗೆ ಭಾರತೀಯ ಮಾನಕ ಐಎಸ್ 4770. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಕ್ಲಾಸ್ 00 ಎಂದರೆ 500 ವೋಲ್ಟ್‌ವರೆಗೆ, 0 ಎಂದರೆ 1,000, ಕ್ಲಾಸ್ 2 ಎಂದರೆ 17,000. ಅಂದರೆ 415 ವೋಲ್ಟಿನ ಪ್ಯಾನೆಲ್‌ಗೆ ಕ್ಲಾಸ್ 0 ನೆಮ್ಮದಿ, 11 ಕೆವಿ ಲೈನಿಗೆ ಕ್ಲಾಸ್ 2 ಇಲ್ಲದೆ ಆಗದು. ರಬ್ಬರಿನ ಮೇಲೆ ಚರ್ಮದ ಗ್ಲೌಸ್ ಹಾಕಲೇಬೇಕು, ತಂತಿಯ ಮೊನೆ ತಾಗಿ ರಬ್ಬರಿಗೆ ಸೂಜಿಮೊನೆಯಷ್ಟು ತೂತಾದರೂ ಎಲ್ಲ ಮುಗಿಯಿತು. ಪ್ರತಿ ಸಲ ಹಾಕುವ ಮುನ್ನ ಗ್ಲೌಸಿನ ಬಾಯಿಯಿಂದ ಸುರುಳಿ ಸುತ್ತುತ್ತ ಒಳಗೆ ಗಾಳಿ ಹಿಡಿದು, ಕಿವಿಯ ಹತ್ತಿರ ತಂದು ಒತ್ತಿ ನೋಡಿ. ಗಾಳಿ ಸೋರಿದರೆ ಕತ್ತರಿಸಿ ಎಸೆಯಿರಿ. ಬಳಕೆಯಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ಪರೀಕ್ಷಿಸಬೇಕು. ಇಷ್ಟಾದರೂ ಗ್ಲೌಸ್ ಕೊನೆಯ ಕಾವಲು ಮಾತ್ರ. ಲೈನ್ ಕ್ಲಿಯರ್ ತೆಗೆದುಕೊಂಡು, ಕರೆಂಟ್ ಇಲ್ಲವೆಂದು ಟೆಸ್ಟ್ ಮಾಡಿ, ಅರ್ತ್ ಮಾಡಿದ ನಂತರವೇ ಕೈಯಿಡಬೇಕು. ತೋಟದವರಿಗೂ ಒಂದು ಮಾತು: ಔಷಧ ಹೊಡೆಯುವ ಗ್ಲೌಸ್ ಹಾಕಿದ್ದೇನೆಂದು ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ದೋಟಿಯನ್ನು ತಂತಿಯ ಹತ್ತಿರ ಒಯ್ಯಬೇಡಿ, ಎರಡರಲ್ಲೂ ಕರೆಂಟ್ ಹರಿಯುತ್ತದೆ.

ಗ್ಲೌಸ್ ಸೋಲುವಲ್ಲಿ

ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆಯಲ್ಲಿ ಬಿಸಿನೀರಿನ ಬಾನಿಯೊಳಗೆ ಕೈಯಾಡಿಸಿ ಗೂಡಿನ ಎಳೆಯ ತುದಿ ಹುಡುಕಬೇಕು. ಬೆರಳು ಬೆಂದು ಹುಣ್ಣಾಗುವುದು ಅಲ್ಲಿ ಹಳೆಯ ಕಷ್ಟ. ಗ್ಲೌಸ್ ಹಾಕಿದರೆ ಕಣ್ಣಿಗೂ ಸರಿಯಾಗಿ ಕಾಣದ ಎಳೆ ಬೆರಳಿಗೂ ಸಿಗದು, ಒಳಗೆ ಬಿಸಿನೀರು ತುಂಬಿಕೊಂಡರೆ ಇನ್ನೂ ತೊಂದರೆ. ಇಂಥಲ್ಲಿ ಬೇಕಾದ್ದು ಕೈ ನೀರಿಗೆ ಹೋಗದಂಥ ಯಂತ್ರ. ಚರಕ, ಕಾಟೇಜ್ ಬೇಸಿನ್ ಬಿಟ್ಟು ಸ್ವಯಂಚಾಲಿತ ಯಂತ್ರಕ್ಕೆ ಹೋದ ಘಟಕಗಳಲ್ಲಿ ಕೈ ಬೇಯುವುದು ತಗ್ಗಿದೆ. ಕಲ್ಲು ಕೊರೆಯುವ, ಜ್ಯಾಕ್ ಹ್ಯಾಮರ್ ಹಿಡಿಯುವವರ ಕೈ ಜೋಮಿಗೂ ಇದೇ ಮಾತು. ಕಂಪನ ತಡೆಯುವ ಗ್ಲೌಸ್ ಎಂದು ಮಾರುತ್ತಾರೆ, ನಿಧಾನಗತಿಯ ಭಾರಿ ಕಂಪನಕ್ಕೆ ಅದರಿಂದ ಅಷ್ಟೇನೂ ಆಗದು. ಕೆಲಸದ ಅವಧಿ ಕಡಿಮೆ ಮಾಡುವುದೇ ದಾರಿ.

ದುಡ್ಡು ಯಾರದು, ಅಳತೆ ಯಾರದು

ಕಾಯ್ದೆಯ ಪ್ರಕಾರ ಕೊಡಬೇಕಾದ ಸುರಕ್ಷಾ ಸಾಮಗ್ರಿಗೆ ಕೆಲಸಗಾರರಿಂದ ಹಣ ತೆಗೆದುಕೊಳ್ಳುವಂತಿಲ್ಲ ಎಂದು ಕಾರ್ಖಾನೆ ಕಾಯ್ದೆಯ 114ನೇ ಕಲಂ ಹೇಳಿತ್ತು. ಅದರ ಜಾಗಕ್ಕೆ ರೂಪಿಸಿದ 2020ರ ವೃತ್ತಿ ಸುರಕ್ಷತೆ ಸಂಹಿತೆಯ ನಿಲುವೂ ಅದೇ. ಸಂಬಳದಲ್ಲಿ ಗ್ಲೌಸಿನ ದುಡ್ಡು ಮುರಿದುಕೊಂಡರೆ ಪ್ರಶ್ನಿಸಬಹುದು.

ಕೊಟ್ಟ ಗ್ಲೌಸ್ ಕೈಗೆ ಕೂರುವುದು ಇನ್ನೊಂದೇ ವಿಷಯ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಸಿಗುವ ಗ್ಲೌಸ್ ಬಹುಮಟ್ಟಿಗೆ ಗಂಡಸರ ಅಳತೆಯದು, ದಪ್ಪ ರಬ್ಬರು. ಬೆರಳ ತುದಿಯಲ್ಲಿ ಒಂದಿಂಚು ಜೋಲುತ್ತದೆ, ಒಳಗೆ ಬೆವರು ನಿಲ್ಲುತ್ತದೆ, ಪೊರಕೆ ಜಾರುತ್ತದೆ. ಅರ್ಧ ಗಂಟೆಯಲ್ಲಿ ಬಿಚ್ಚಿಡುತ್ತಾರೆ. ‘ಕೊಟ್ಟರೂ ಹಾಕುವುದಿಲ್ಲ’ ಎಂದು ಮೇಲಿನವರು ಬೈಯುವುದು ಇದಕ್ಕೇ. ಹಾಕಲಾಗದ್ದನ್ನು ಕೊಟ್ಟಿರುವುದು ಅವರಿಗೆ ಹೊಳೆಯುವುದಿಲ್ಲ. ಒಳಗೆ ಹತ್ತಿಯ ತೆಳು ಅಸ್ತರಿ, ಅಂಗೈಗೆ ಮಾತ್ರ ನೈಟ್ರೈಲ್ ಲೇಪವಿರುವುದು ಗುಡಿಸುವ ಕೆಲಸಕ್ಕೆ ಎಷ್ಟೋ ಹಿತ. ಹಸಿ ಕಸ ಎತ್ತುವ ಹೊತ್ತಿಗೆ ಬೇರೆ ಜೊತೆ ಬೇಕು. ಸೂಜಿ, ಬ್ಲೇಡು, ಒಡೆದ ಗಾಜಿಗೆ ಎರಡೂ ಪೂರ್ತಿ ಉತ್ತರವಲ್ಲ. ಅದನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡುವುದು ಮನೆಯವರ ಕೆಲಸ.

ಅಳತೆ ತೆಗೆಯಲು ಟೈಲರ್ ಟೇಪ್ ಸಾಕು. ಹೆಬ್ಬೆರಳು ಬಿಟ್ಟು, ಅಂಗೈಯ ಅಗಲವಾದ ಜಾಗದ ಸುತ್ತ ಅಳೆಯಿರಿ. ಏಳು ಇಂಚು ಬಂದರೆ ಗಾತ್ರ 7, ಎಂಟು ಬಂದರೆ 8. ಸಗಟು ಆರ್ಡರ್ ಕೊಡುವ ಮೊದಲು ಎರಡು ಮೂರು ಬಗೆಯ ಒಂದೊಂದು ಜೊತೆ ತಂದು, ಹಾಕುವವರ ಕೈಗೇ ಕೊಟ್ಟು ಒಂದು ವಾರ ಬಿಡಿ. ಅವರು ಆರಿಸಿದ್ದನ್ನು ಕೊಳ್ಳಿ. ಅಂಗಡಿಯಲ್ಲಿ 9, 10 ಬಿಟ್ಟರೆ ಬೇರೆ ಇಲ್ಲ ಎಂದರೆ ತರಿಸಿಕೊಡಿ ಎನ್ನಿ. 6, 7ರ ಗಾತ್ರವನ್ನು ಕಂಪನಿಗಳು ಮಾಡುತ್ತವೆ. ಕೇಳುವ ಗಿರಾಕಿ ಇಲ್ಲವೆಂದು ಅಂಗಡಿಯವರು ತರಿಸುವುದಿಲ್ಲ, ಅಷ್ಟೇ.